ಹಲ್ಲು ಕೀಳಿಸುವ ಮುಂಚೆ



ಕಾರ್ತಿಕ ಮಾಸದಲ್ಲಿ ನಾವೆಲ್ಲ ಬಸವನಗುಡಿ ಪರಿಷೆಗೆ ಹೋಗ್ತೀವಿ. ಸೇರುಗಟ್ಟಲೆ ಕಡಲೆಕಾಯಿ ತರ್ತೀವಿ. ಆದರೆ ನಮ್ಮಲ್ಲಿ ವಯಸ್ಸಾದವರು ತಿನ್ನೋದಿಲ್ಲ. "ಹಲ್ಲಿಲ್ಲ ಕಣಮ್ಮ" ಅಂತಾರೆ.

ವಯಸ್ಸೊಂದರಿಂದಲೇ ಹಲ್ಲು ಬೀಳೋದಿಲ್ಲ. ಹುಳುಕಿನಿಂದ ಬೀಳುತ್ತೆ, ವಸಡಿನ ಕಾಯಿಲೆಯಿಂದ ಬೀಳುತ್ತೆ. ವಸಡಿನಲ್ಲಿ ರಕ್ತ ಬಂದಾಗಲೇ ತೋರಿಸಿದರೆ ಎಷ್ಟೋ ಹಲ್ಲು ಉಳಿಯುತ್ತೆ. ಸಕ್ಕರೆ ಕಾಯಿಲೆ ಇದ್ದರೆ ವಸಡು ಬೇಗ ಕೆಡುತ್ತೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದರೂ ಅಷ್ಟೆ.

ಹಲ್ಲು ನಿಂತಿರೋದು ದವಡೆಯ ಮೂಳೆಯಲ್ಲಿ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತೆ. ಬಚ್ಚಲಲ್ಲಿ ಜಾರಿದರೂ ಸಾಕು, ಮಣಿಕಟ್ಟು ಮುರಿಯಬಹುದು. ಅದಕ್ಕೆ ಡಾಕ್ಟರು ಕೆಲವರಿಗೆ ಮೂಳೆಯ ಮಾತ್ರೆ ಕೊಡ್ತಾರೆ. ವಾರಕ್ಕೊಂದು ನುಂಗುವ ಮಾತ್ರೆ. ಕೆಲವರಿಗೆ ಇಂಜೆಕ್ಷನ್. ಒಳ್ಳೆಯ ಔಷಧಿಯೇ. ಆದರೆ ಅದನ್ನು ತಗೊಳ್ಳುವವರು ಹಲ್ಲು ಕೀಳಿಸಿದರೆ, ಅಪರೂಪಕ್ಕೆ, ದವಡೆಯ ಗಾಯ ಎರಡು ತಿಂಗಳಾದರೂ ಮಾಯುವುದಿಲ್ಲ. ಆದ್ದರಿಂದ ಮಾತ್ರೆ ಶುರು ಮಾಡುವ ಮೊದಲೇ ಹಲ್ಲು ತೋರಿಸೋಣ. ಶುರುವಾಗಿದ್ದರೆ ಹಲ್ಲಿನ ಡಾಕ್ಟರಿಗೆ ತಪ್ಪದೆ ಹೇಳೋಣ. ಹೆದರಿ ನಾವೇ ಮಾತ್ರೆ ನಿಲ್ಲಿಸೋದು ಬೇಡ. ಮಾತ್ರೆಯ ಹೆಸರು ಬಾಯಿಗೆ ಬರೋದಿಲ್ಲವೇ? ಚೀಟಿ ಒಯ್ದು ಓದಿ ಹೇಳೋಣ. ಈಗ ಓದೋಕೆ ಬರುತ್ತಲ್ಲ!

ಎಲ್ಲಿಗೆ ಹೋಗೋದು? ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜಿದೆ. 1958ರಲ್ಲಿ ಶುರುವಾದದ್ದು. ಚಾಮರಾಜಪೇಟೆಯವರು ನಡೆದೇ ಹೋಗಬಹುದು. ಬಸವನಗುಡಿ, ಮಲ್ಲೇಶ್ವರದವರು ಮಾರ್ಕೆಟ್ ಬಸ್ ಹತ್ತಬೇಕು. ಬೆಳಿಗ್ಗೆ ಬೇಗ ಹೊರಡಿ. ತಿಂಡಿ ತಿಂದೇ ಹೋಗಿ, ತಗೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಕೈಯಲ್ಲಿರಲಿ.