ಪಾಯ ತೋಡುವ ಮುನ್ನ ಒಂದು ಬಾಟಲಿ ಮಣ್ಣು

ಹಳ್ಳಿಯಲ್ಲಿ ಒಂದು ತುಂಡು ಜಾಗವಿದೆ, ಅಲ್ಲಿ ನೀವೇ ಮನೆ ಕಟ್ಟಬೇಕು ಅಂದುಕೊಳ್ಳಿ. ನಕ್ಷೆ, ಕಿಟಕಿ, ಬಣ್ಣ ಎಲ್ಲ ಆಮೇಲೆ. ಮೊದಲು ಒಂದು ಗಾಜಿನ ಬಾಟಲಿ ಹುಡುಕಿ.

ಮೇಲುಮಣ್ಣು ಬೇಡ. ಅದರಲ್ಲಿ ಬೇರು, ಕೊಳೆತ ಎಲೆ, ಎರೆಹುಳು ಇರುತ್ತವೆ. ಅದು ಗಿಡಗಳ ಸೊತ್ತು, ಹಿತ್ತಲಿಗೆ ಎತ್ತಿಡಿ. ಇನ್ನೂ ಕೆಳಗಿನ ಮಣ್ಣನ್ನು ಬಾಟಲಿಗೆ ಕಾಲು ಭಾಗ ತುಂಬಿ, ನೀರು ಹೊಯ್ದು, ಚೆನ್ನಾಗಿ ಕುಲುಕಿ ಅಲುಗದ ಕಡೆ ಇಡಿ.

ಮರಳು ಬೇಗ ತಳ ಸೇರುತ್ತದೆ. ಅದಕ್ಕಿಂತ ನುಣುಪಾದ ಗೋಡುಮಣ್ಣು ನಿಧಾನವಾಗಿ ಅದರ ಮೇಲೆ ಕೂರುತ್ತದೆ. ಜೇಡಿಗೆ ಮಾತ್ರ ಅವಸರವೇ ಇಲ್ಲ. ಅದರ ಕಣ 0.002 ಮಿಲಿಮೀಟರಿಗಿಂತಲೂ ಚಿಕ್ಕದು. ಅಷ್ಟು ಸಣ್ಣ ಕಣ ನೀರಿನಲ್ಲಿ ಇಳಿಯುವುದು ಬಹಳ ನಿಧಾನ. ಮರುದಿನವೂ ನೀರು ಕದಡಿಯೇ ಇದ್ದರೆ ಅಚ್ಚರಿಪಡಬೇಡಿ.

ಈ ಜೇಡಿಯದ್ದೇ ಎಲ್ಲ ತಂಟೆ. ಅದರ ಕಣದೊಳಗೆ ಹಪ್ಪಳದ ಅಟ್ಟಿಯ ಹಾಗೆ ಪದರದ ಮೇಲೆ ಪದರ. ನಮ್ಮ ಕೆಂಪು ಮಣ್ಣಿನ ಜೇಡಿಯಲ್ಲಿ ಹೆಚ್ಚಾಗಿ ಇರುವುದು ಕೆಯೊಲಿನೈಟ್. ಅದರ ಪದರಗಳು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ನಡುವೆ ನೀರು ನುಗ್ಗಲಾರದು. ವಿಜಯಪುರ, ಗದಗ ಕಡೆಯ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಅದರ ಪದರಗಳ ನಡುವೆ ನೀರು ಹೊಕ್ಕರೆ ನೆಲ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲಿರುವ ಮನೆಯನ್ನೂ ಎತ್ತಿ ಇಳಿಸಿ ಗೋಡೆ ಸೀಳುತ್ತದೆ. ಅದಕ್ಕೇ ಅಲ್ಲಿನ ಮೇಸ್ತ್ರಿಗಳು ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಿಸುತ್ತಾರೆ, ಇಲ್ಲವೇ ಎರೆಮಣ್ಣು ತೆಗೆಸಿ ಗರಸು ತುಂಬಿಸುತ್ತಾರೆ. ಪಾಯಕ್ಕೆ ಸುರಿದ ದುಡ್ಡು ಕಣ್ಣಿಗೆ ಕಾಣದು ಎಂದು ಗೊಣಗುವವರಿದ್ದಾರೆ. ಗೊಣಗಲಿ ಬಿಡಿ.

ಪಾಯ ಆಯಿತು. ಗೋಡೆಗೆ ಇಟ್ಟಿಗೆ ಬೇಕಲ್ಲ? ಅದನ್ನು ಸುಡಲೇಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆಂದೇ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅಲ್ಲಿನ ವಿಜ್ಞಾನಿಗಳು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ದುಡಿದರು. ಮರಳು ಹೆಚ್ಚು, ಜೇಡಿ ಕಡಿಮೆ ಇರುವ ಮಣ್ಣು ಇದಕ್ಕೆ ಒಳ್ಳೆಯದು. ಜೇಡಿ ಜಾಸ್ತಿಯಿದ್ದರೆ ಮರಳು ಬೆರೆಸಬೇಕು. ಯಾವುದು ಎಷ್ಟಿದೆ ಎಂದು ತಿಳಿಯಲು ಬಾಟಲಿಯ ಪದರಗಳು ಈಗ ಕೆಲಸಕ್ಕೆ ಬಂದವು ನೋಡಿ. ನೂರು ಪಾಲಿಗೆ 6ರಿಂದ 8 ಪಾಲು ಸಿಮೆಂಟ್, ತುಸು ನೀರು ಸೇರಿಸಿ ಕೈಯಂತ್ರದಲ್ಲಿ ಬಲವಾಗಿ ಒತ್ತುತ್ತಾರೆ. ಕಣಗಳ ನಡುವಿನ ಗಾಳಿ ಹೊರಬಿದ್ದು ಇಟ್ಟಿಗೆ ದಟ್ಟವಾಗುತ್ತದೆ. ಆಮೇಲೆ ಕೆಲವು ವಾರ ಅದು ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ! ಗೂಡು ಹೊತ್ತಿಸಬೇಕಿಲ್ಲ, ಸೌದೆ ಕಲ್ಲಿದ್ದಲು ಬೇಡ.

ಇನ್ನು ಮಾಳಿಗೆ. ಬಳ್ಳಾರಿ, ಚಳ್ಳಕೆರೆ ಕಡೆಯ ಹಳೆಯ ಮನೆಗಳ ಚಪ್ಪಟೆ ಮಾಳಿಗೆಯ ಮೇಲೆ ಚೌಳು ಮಣ್ಣು ಹರಡಿರುತ್ತಾರೆ. ಬೆಳೆಗೆ ಬಾರದ ಮಣ್ಣು ಅದು. ಅದರಲ್ಲಿರುವ ಸೋಡಿಯಂನಿಂದಾಗಿ ಮಳೆ ಬಿದ್ದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ, ಉಬ್ಬಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಪಾಯದಲ್ಲಿ ಕಾಟ ಕೊಟ್ಟ ಉಬ್ಬುವ ಗುಣವೇ ಇಲ್ಲಿ ಸೋರಿಕೆ ತಡೆಯುತ್ತದೆ. ಕೊಚ್ಚಿಹೋದಷ್ಟು ಮಣ್ಣನ್ನು ಮಳೆಗಾಲಕ್ಕೆ ಮುಂಚೆ ಮತ್ತೆ ಹಾಕಿ ತುಳಿಯಬೇಕು, ಅಷ್ಟೆ. ಆ ಕೆಲಸಕ್ಕೆ ಮಕ್ಕಳನ್ನು ಮಾಳಿಗೆ ಹತ್ತಿಸಿದರೆ ಬೇಡ ಎನ್ನುವವರು ಯಾರು?