ಮೊದಲ ಡ್ರ್ಯಾಗ್ ಬೈಕಿಗೆ ಫ್ರೇಮ್ ಆರಿಸುವಾಗ

(ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಸಿಇಟಿ, ವಿದ್ಯಾರ್ಥಿವೇತನ, ಉದ್ಯೋಗಾವಕಾಶಗಳ ಕುರಿತು ಮಾತನಾಡಬೇಕಾದ ವೇದಿಕೆಯಲ್ಲಿ ಈ ಮನುಷ್ಯ ಬೈಕಿನ ಫ್ರೇಮ್ ಬಗ್ಗೆ ಏನು ಹೇಳಲು ಬಂದಿದ್ದಾನೆ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಒಂದು ಸಂಜೆ ತಿಲಕನಗರ, ಗುರಪ್ಪನಪಾಳ್ಯ, ಇಲ್ಲವೇ ಜೆ.ಪಿ. ನಗರದ ಕಡೆಯ ಇಲಿಯಾಸ್ ನಗರದ ಗ್ಯಾರೇಜುಗಳ ಮುಂದೆ ಐದು ನಿಮಿಷ ನಿಂತು ನೋಡಿ. ಐಟಿಐ, ಡಿಪ್ಲೊಮಾ ಓದುವ ಹುಡುಗರು ಬಿಚ್ಚಿಟ್ಟ ಬೈಕೊಂದರ ಸುತ್ತ ಕುಳಿತಿರುತ್ತಾರೆ. ಅವರಲ್ಲಿ ಒಬ್ಬನಾದರೂ "ಸಣ್ಣದೊಂದು ಡ್ರ್ಯಾಗ್ ಬೈಕ್ ಮಾಡಬೇಕು" ಎನ್ನುತ್ತಿರುತ್ತಾನೆ. ಬೇಡವೆಂದರೆ ಅವನು ಕದ್ದು ಮಾಡುತ್ತಾನೆ. ನಾನೂ ಹಾಗೆಯೇ ಮಾಡಿದ್ದೆ. ಆದ್ದರಿಂದ ಸರಿಯಾಗಿ ಮಾಡುವ ಬಗೆಯನ್ನು ಹೇಳಿಬಿಡುವುದೇ ಮೇಲು ಎಂದು ನನಗೆ ಅನ್ನಿಸಿದೆ.

ಡ್ರ್ಯಾಗ್ ಎಂದರೆ ತಿರುವಿಲ್ಲದ ಓಟ. ನಿಂತಲ್ಲಿಂದ ಹೊರಟು ನೇರವಾಗಿ 402 ಮೀಟರ್, ಅಂದರೆ ಕಾಲು ಮೈಲಿ, ಅಥವಾ ಅದರ ಅರ್ಧದಷ್ಟು ದೂರ ಓಡುವುದು. ಇದಕ್ಕೆಂದು ಸಣ್ಣ ಇಂಜಿನ್ ಇಟ್ಟು, ಸೀಟು ತಗ್ಗಿಸಿ, ಹಿಂಭಾಗ ಉದ್ದ ಮಾಡಿದ ಗಾಡಿಯೇ ನಮ್ಮ ಹುಡುಗರ ಕನಸು. ನನ್ನ ಬಳಿ ಬರುವವರೆಲ್ಲ ಕಾರ್ಬುರೇಟರ್ ಕೇಳುತ್ತಾರೆ, ಸೈಲೆನ್ಸರ್ ಕೇಳುತ್ತಾರೆ. ಫ್ರೇಮ್ ಯಾವುದು ಎಂದು ಕೇಳಿದವರು ಬಹಳ ಕಡಿಮೆ. ಇಂಜಿನ್ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ. ಫ್ರೇಮ್ ಕೈಕೊಟ್ಟರೆ ಸವಾರ ಬೀಳುತ್ತಾನೆ.

ನನಗೆ 19 ವರ್ಷವಿದ್ದಾಗ ಗುಜರಿಯಿಂದ ಒಂದು ಮೊಪೆಡ್ಡಿನ ಫ್ರೇಮ್ ತಂದೆ. ಹಗುರವಾಗಿದೆ, ಒಂದೇ ಕೈಯಲ್ಲಿ ಎತ್ತಬಹುದು ಎಂಬುದೇ ನನ್ನ ಆಯ್ಕೆಯ ಮಾನದಂಡ. ಮುಂಭಾಗ ತಗ್ಗಬೇಕೆಂದು ಹ್ಯಾಂಡಲ್ ಕೂರುವ ಹೆಡ್ ಪೈಪಿನ ಬುಡವನ್ನು ಕೊಯ್ದು, ಓರೆ ಬದಲಿಸಿ, ಗ್ಯಾಸ್ ವೆಲ್ಡಿಂಗ್ ಮಾಡಿದೆ. ವೆಲ್ಡ್ ದಪ್ಪಗೆ, ನೋಡಲು ಚೆನ್ನಾಗಿಯೇ ಇತ್ತು. ಒಂದು ಭಾನುವಾರ ನಸುಕಿನಲ್ಲಿ ಬನಶಂಕರಿ ಕಡೆಯ ಖಾಲಿ ರಸ್ತೆಯಲ್ಲಿ ನನ್ನ ತಮ್ಮ ಓಡಿಸಿದ. ಮೂರನೆಯ ಓಟದಲ್ಲಿ ಬ್ರೇಕ್ ಹಿಡಿದಾಗ ಹೆಡ್ ಮುರಿದು ಮುಂದಿನ ಚಕ್ರ ಒಳಗೆ ಮಡಚಿಕೊಂಡಿತು. ತಮ್ಮನ ಮಣಿಕಟ್ಟಿನ ಮೂಳೆ ಮುರಿಯಿತು, ಎರಡು ಹಲ್ಲು ಹೋದವು. ನಂತರ ನೋಡಿದರೆ ವೆಲ್ಡ್ ಬಿಟ್ಟಿರಲಿಲ್ಲ, ಅದರ ಪಕ್ಕದ ಪೈಪ್ ಸೀಳಿತ್ತು. ವೆಲ್ಡಿಂಗ್ ಕಾವಿಗೆ ಅಕ್ಕಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ. ತೆಳು ಪೈಪಿನಲ್ಲಿ ದಪ್ಪ ವೆಲ್ಡ್ ಮುಗಿಯುವ ಗೆರೆಯಲ್ಲೇ ಒತ್ತಡವೆಲ್ಲ ಸೇರುತ್ತದೆ. ಇದು ಪಠ್ಯಪುಸ್ತಕದಲ್ಲಿತ್ತು. ನಾನು ಓದಿ ಪಾಸೂ ಆಗಿದ್ದೆ.

ಹಾಗಾದರೆ ಯಾವ ಫ್ರೇಮ್? ಕುಂಬಾರಗುಂಡಿ, ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳಲ್ಲಿ ಹುಡುಗರ ಕಣ್ಣಿಗೆ ಮೊದಲು ಬೀಳುವುದು ಮೊಪೆಡ್. 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50, ಅದರ ನಂತರದ ಎಕ್ಸ್‌ಎಲ್ ಗಾಡಿಗಳು ಅಕ್ಕಿಮೂಟೆ ಹೊರುವುದನ್ನು ನಾವೆಲ್ಲ ಕಂಡಿದ್ದೇವೆ. ಗಟ್ಟಿ ಗಾಡಿಗಳೇ, ಸಂಶಯವಿಲ್ಲ. ಆದರೆ ಕಾಲು ಸುಲಭವಾಗಿ ತೂರಿಸಲೆಂದು ನಡುವೆ ತೆರೆದಿಟ್ಟ ಫ್ರೇಮ್ ಅದು. ಹೆಡ್‌ನಿಂದ ಹಿಂದಿನ ಚಕ್ರದವರೆಗೆ ಮೇಲುಗಡೆ ನೇರ ಪೈಪ್ ಇಲ್ಲ. ದೊಡ್ಡ ಇಂಜಿನ್ ಇಟ್ಟು ಕ್ಲಚ್ ಥಟ್ಟನೆ ಬಿಟ್ಟರೆ ಅದು ತಿರುಚಿಕೊಳ್ಳುತ್ತದೆ.

ಎಲ್ಲರ ಆಸೆ ಯಮಹಾ ಆರ್‌ಎಕ್ಸ್ 100. ಸುಮಾರು ನೂರು ಕಿಲೋ ತೂಕ, 98 ಸಿಸಿಯ ಟೂ ಸ್ಟ್ರೋಕ್ ಇಂಜಿನ್, 11 ಅಶ್ವಶಕ್ತಿ. 1985ರಿಂದ 1996ರವರೆಗೆ ತಯಾರಾದ ಈ ಗಾಡಿ ದಾಖಲೆ ಸಮೇತ ಸಿಕ್ಕರೆ ದಯವಿಟ್ಟು ಕೊಯ್ಯಬೇಡಿ. ಇಂದು ಅದರ ಬೆಲೆ ನಿಮ್ಮ ಕಲಿಕೆಯ ಖರ್ಚನ್ನು ಮೀರಿದೆ. (ನಮ್ಮ ಮೈಸೂರಿನ ಯೆಜ್ದಿಯ ಹೆಸರೂ ಕೆಲವರು ಹೇಳುತ್ತಾರೆ. ಅಭಿಮಾನವೇನೋ ಸರಿ, ಸಣ್ಣ ಬೈಕಿಗೆ ಅದು ತುಂಬಾ ಭಾರ.)

ಮೊದಲ ಪ್ರಯತ್ನಕ್ಕೆ ನಾನು ಸೂಚಿಸುವುದು ಹೀರೋ ಹೋಂಡಾ ಸ್ಪ್ಲೆಂಡರ್‌ನಂಥ ಸಾಧಾರಣ ನೂರು ಸಿಸಿ ಗಾಡಿಯ ಫ್ರೇಮ್. ಹೆಡ್‌ನಿಂದ ಇಳಿದ ಪೈಪುಗಳು ಇಂಜಿನ್ನಿನ ಕೆಳಗೆ ತೊಟ್ಟಿಲಿನಂತೆ ಬಾಗಿ ಹಿಂದಕ್ಕೆ ಹೋಗುತ್ತವೆ. ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಅದೇ ಗಾಡಿಯ ಇಂಜಿನ್ ಇಟ್ಟುಕೊಂಡರೆ ಹೊಸ ಮೌಂಟಿಂಗ್ ಮಾಡಬೇಕಿಲ್ಲ, ಚೈನ್ ಲೈನ್ ಕೆಡುವುದಿಲ್ಲ. ಹುಡುಗರಿಗೆ ಇದು ರುಚಿಸುವುದಿಲ್ಲ, ಹಾಲಿನವರ ಗಾಡಿ ಎನ್ನುತ್ತಾರೆ. ಅನ್ನಲಿ.

ಕೊಳ್ಳುವ ಮುನ್ನ ಹೆಡ್ ಪೈಪಿನ ಕೆಳಗೆ ಬೆರಳಾಡಿಸಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಗಾಡಿ ಎದುರಿನಿಂದ ಗುದ್ದಿದೆ. ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಇನ್ನೂ ಹೆಚ್ಚು ಅನುಮಾನಿಸಿ. ಹೆಡ್‌ನೊಳಗೆ ಒಂದು ನೇರ ಪೈಪ್, ಸ್ವಿಂಗ್ ಆರ್ಮ್ ಬೋಲ್ಟಿನ ತೂತಿನಲ್ಲಿ ಒಂದು ನೇರ ಸರಳು ತೂರಿಸಿ, ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ಒಂದಕ್ಕೊಂದು ಲಂಬವಾಗಿ ಕಾಣಬೇಕು. ಇಂಜಿನ್ ಬೋಲ್ಟಿನ ತೂತುಗಳು ಮೊಟ್ಟೆಯಾಕಾರ ಆಗಿದ್ದರೆ ಬಿಟ್ಟು ಬನ್ನಿ. ಈ ಪರೀಕ್ಷೆಗೆ ಗುಜರಿಯವರು ಗೊಣಗುತ್ತಾರೆ, ಆದರೆ ತಡೆಯುವುದಿಲ್ಲ.

ಉದ್ದ ಏಕೆ ಮಾಡುತ್ತಾರೆ ಎಂಬುದಕ್ಕೆ ಪಿಯುಸಿ ಭೌತಶಾಸ್ತ್ರ ಸಾಕು. ಸವಾರನೂ ಸೇರಿ ಗುರುತ್ವ ಕೇಂದ್ರವು ನೆಲದಿಂದ 600 ಮಿಲಿಮೀಟರ್ ಎತ್ತರದಲ್ಲಿ, ಹಿಂದಿನ ಆಕ್ಸಲ್‌ನಿಂದ 620 ಮಿಲಿಮೀಟರ್ ಮುಂದೆ ಇದೆ ಎಂದುಕೊಳ್ಳಿ. 620 ಭಾಗಿಸು 600, ಸುಮಾರು 1.03. ವೇಗೋತ್ಕರ್ಷ ಗುರುತ್ವದ ಇಷ್ಟು ಪಟ್ಟು ತಲುಪಿದಾಗ ಮುಂದಿನ ಚಕ್ರ ಏಳುತ್ತದೆ. ಆಕ್ಸಲ್ ಹಿಂದೆ ಸರಿಸಿ 620 ಅನ್ನು 720 ಮಾಡಿದರೆ ಮಿತಿ 1.2ಕ್ಕೆ ಏರುತ್ತದೆ. ಆದರೆ ನೂರು ಸಿಸಿಯ ಇಂಜಿನ್ ಈ ಮಿತಿಯ ಹತ್ತಿರ ಬರುವುದು ಹೊರಡುವ ಕ್ಷಣದಲ್ಲಿ, ಕ್ಲಚ್ ಬಿಟ್ಟಾಗ ಮಾತ್ರ. ಹೆಚ್ಚು ಉದ್ದ ಮಾಡಿದರೆ ಹಿಂದಿನ ಟೈರಿನ ಮೇಲಿನ ಭಾರ ಇಳಿದು ಅದು ಜಾರುತ್ತದೆ, ಚೈನ್ ಜೋತು ಬೀಳುತ್ತದೆ. ಆದ್ದರಿಂದ ಸ್ವಿಂಗ್ ಆರ್ಮ್ ಮಾತ್ರ ಉದ್ದವಾಗಲಿ, ಅದೂ ನಾಲ್ಕು ಇಂಚಿಗೆ ಮೀರದಂತೆ, ಒಳಗೆ ಪೈಪ್ ತೂರಿಸಿ, ನುರಿತ ವೆಲ್ಡರ್‌ನಿಂದ. ಮುಂಭಾಗ ತಗ್ಗಿಸಲು ಫೋರ್ಕನ್ನು ಕ್ಲಾಂಪಿನಲ್ಲಿ ಒಂದಂಗುಲ ಮೇಲೆ ಸರಿಸಿದರೆ ಸಾಕು. ಪೂರ್ತಿ ಕುಗ್ಗಿದಾಗ ಚಕ್ರ ಎಲ್ಲಿಯೂ ತಾಗದಿರಲಿ. ಹೆಡ್ ಮುಟ್ಟಬೇಡಿ.

ಹೆಡ್ ಮುಟ್ಟದಿರಲು ಕಾನೂನಿನ ಕಾರಣವೂ ಇದೆ. ಚಾಸಿ ನಂಬರ್ ಸಾಮಾನ್ಯವಾಗಿ ಅಲ್ಲೇ ಕೊರೆದಿರುತ್ತದೆ. ಅದು ಅಳಿಸಿದ ಫ್ರೇಮ್ ಪೊಲೀಸರ ಕಣ್ಣಿಗೆ ಕದ್ದ ಮಾಲು. ನೋಂದಣಿ ಇರುವ ಗಾಡಿಯನ್ನು ಹೀಗೆ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಇನ್ನು ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸೂ ಇಲ್ಲ. ತಂದೆತಾಯಂದಿರು ಈ ಸಾಲನ್ನು ಎರಡು ಬಾರಿ ಓದಬೇಕು. ರಸ್ತೆಗೆ ಇನ್ನೆಂದೂ ಇಳಿಯದ ಗಾಡಿಯಾದರೆ ಅದರ ಮಾಲೀಕರು 55ನೇ ಕಲಮಿನಂತೆ ಆರ್‌ಸಿ ಹಿಂತಿರುಗಿಸಿ ನೋಂದಣಿ ರದ್ದು ಮಾಡಿಸಬೇಕು. ಗಾಡಿ ಕೆಎ-05 ಆಗಿದ್ದರೆ ಅದು ಜಯನಗರದ ಆರ್‌ಟಿಒದಲ್ಲಿ ಆಗಬೇಕಾದ ಕೆಲಸ. ಅಲ್ಲಿಂದ ಮುಂದೆ ಆ ಬೈಕ್ ಪ್ರಯಾಣ ಮಾಡುವುದು ಲಗೇಜ್ ಆಟೋದಲ್ಲೇ.

ಓಡಿಸುವುದು ಎಲ್ಲಿ? ಹೊರವರ್ತುಲ ರಸ್ತೆಯಲ್ಲಿ ಅಲ್ಲ, ನೈಸ್ ರಸ್ತೆಯಲ್ಲೂ ಅಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರಮಟ್ಟದ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ರಾಷ್ಟ್ರೀಯ ಡ್ರ್ಯಾಗ್ ಪ್ರಶಸ್ತಿಯನ್ನು ಹಲವು ಬಾರಿ ಗೆದ್ದವರು. ಅಲ್ಲಿ ಇಂಜಿನ್ನಿನ ಸಿಸಿ ನೋಡಿ ವಿಭಾಗ ಮಾಡುತ್ತಾರೆ, ಓಟಕ್ಕೆ ಮುನ್ನ ಗಾಡಿ ಪರೀಕ್ಷಿಸುತ್ತಾರೆ. ಆದ್ದರಿಂದ ಮೊದಲು ನಿಯಮಾವಳಿ ತರಿಸಿ ಓದಿ, ಆಮೇಲೆ ಫ್ರೇಮ್ ಕೊಳ್ಳಿ. ನಾವೇ ಪೈಪ್ ಬಾಗಿಸಿ ಮಾಡಿದ ಫ್ರೇಮ್ ಎಷ್ಟೇ ಚೆಂದವಿರಲಿ, ಯಾವ ವಿಭಾಗಕ್ಕೂ ಸೇರದಿದ್ದರೆ ಅದು ಕೊನೆಗೆ ಬರುವುದು ರಸ್ತೆಗೇ.

ಗುಜರಿಗೆ ಹೋಗುವಾಗ ಒಂದು ನೇರ ಪೈಪ್, ಒಂದು ಸರಳು, ಟಾರ್ಚ್ ಇಟ್ಟುಕೊಳ್ಳಿ. ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಚಾಸಿ ನಂಬರ್ ಬರೆಸಿದ ರಸೀದಿ ಅವರ ಹೆಸರಿನಲ್ಲೇ ಇರಲಿ. ನನ್ನ ಹಳೆಯ ಫ್ರೇಮಿನ ಮುರಿದ ತುಂಡು ಈಗಲೂ ನನ್ನ ಕೆಲಸದ ಮೇಜಿನ ಮೇಲಿದೆ. ನೋಡಬೇಕೆನ್ನುವವರು ಬರಬಹುದು. ವೆಲ್ಡಿನ ಪಕ್ಕದ ಸೀಳು ಬರಿಗಣ್ಣಿಗೇ ಕಾಣುತ್ತದೆ.