ಜಮೀನಿನ ಬೆಲೆಯ ವಿವಾದದಲ್ಲಿ ನ್ಯಾಯಾಲಯದ ಅಧಿಕಾರವೂ ರೈತನ ಸಾಕ್ಷ್ಯವೂ



ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಈಗ ಮನೆಗಳೂ ಅಂಗಡಿಗಳೂ ಕಿಕ್ಕಿರಿದಿರುವ ಬಡಾವಣೆಗಳು ಹಿಂದೆ ರಾಗಿಯ ಹೊಲಗಳೂ ಕೆರೆಯ ಕೆಳಗಣ ಗದ್ದೆಗಳೂ ಆಗಿದ್ದವು. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾಯಿತು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳ ಹೆಸರುಗಳು ಅಡಗಿವೆ. ಸಾರಕ್ಕಿಯು ಜೆ.ಪಿ. ನಗರದಲ್ಲಿಯೂ ಕತ್ರಿಗುಪ್ಪೆಯು ಬನಶಂಕರಿಯಲ್ಲಿಯೂ ಸೇರಿಹೋದವು. ಮೊದಲು 1945ರ ಕಾಯಿದೆಯಂತೆ ಏರ್ಪಟ್ಟ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡೂ, ತರುವಾಯ 1976ರ ಕಾಯಿದೆಯಂತೆ ಏರ್ಪಟ್ಟ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಜಮೀನುಗಳನ್ನು ಸ್ವಾಧೀನಪಡಿಸಿಕೊಂಡು ನಿವೇಶನಗಳನ್ನು ಮಾಡಿದವು. ನಗರದ ಅಂಚು ಈಗ ಇನ್ನೂ ದೂರ ಸರಿದಿದೆ. ಅಲ್ಲಿಯ ರೈತರಿಗೂ ಇದೇ ಪ್ರಸಂಗವು ಒದಗಿದೆ. ಜಮೀನು ಕೈಬಿಡುವುದು ಒಂದೇ ಸಲ. ಅದರ ಬೆಲೆಯು ಹೇಗೆ ನಿಶ್ಚಯವಾಗುವುದೆಂಬುದನ್ನು ಪ್ರತಿಯೊಬ್ಬ ರೈತನೂ ಮುಂಚಿತವಾಗಿಯೇ ಅರಿತಿರತಕ್ಕದ್ದು.

ಭೂಸ್ವಾಧೀನಾಧಿಕಾರಿಯು ಕೊಡುವ ಐತೀರ್ಪು ಸರ್ಕಾರದ ಪರವಾಗಿ ಹೇಳಿದ ಬೆಲೆಯಷ್ಟೇ. ಅದು ಸಾಲದೆಂದು ತೋರಿದಲ್ಲಿ ವಿಷಯವನ್ನು ನ್ಯಾಯಾಲಯಕ್ಕೆ ಕಳುಹಿಸಬೇಕೆಂದು ಅರ್ಜಿ ಕೊಡಬಹುದು. 1894ರ ಭೂಸ್ವಾಧೀನ ಕಾಯಿದೆಯ 18ನೆಯ ಪ್ರಕರಣದಂತೆ ಕರ್ನಾಟಕದಲ್ಲಿ ಇದಕ್ಕೆ ನೋಟೀಸು ಜಾರಿಯಾದ ದಿನದಿಂದ 90 ದಿನಗಳ ಅವಧಿಯುಂಟು. 2013ರ ಹೊಸ ಕಾಯಿದೆಯ 64ನೆಯ ಪ್ರಕರಣದಲ್ಲಿ ಅವಧಿಯು ಸಾಮಾನ್ಯವಾಗಿ ಆರು ವಾರ ಮಾತ್ರ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಂತೆ ನಡೆಯುವ ಸ್ವಾಧೀನಕ್ಕೆ 2013ರ ಕಾಯಿದೆಯು ಅನ್ವಯಿಸದೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಮಾನಿಸಿತು. ಆದುದರಿಂದ ನೋಟೀಸು ಬಂದೊಡನೆ ಅದು ಯಾವ ಕಾಯಿದೆಯದೆಂದು ಮೊದಲು ತಿಳಿದುಕೊಳ್ಳಬೇಕು. ಹಣವನ್ನು ಪಡೆಯುವಾಗ “ಆಕ್ಷೇಪಣೆಗೆ ಒಳಪಟ್ಟು ಪಡೆದಿದೆ” ಎಂದು ಬರೆದೇ ರುಜು ಹಾಕಬೇಕು. ಹಾಗೆ ಬರೆಯದವನು 1894ರ ಕಾಯಿದೆಯಲ್ಲಿ ಅರ್ಜಿಯ ಹಕ್ಕನ್ನೇ ಕಳೆದುಕೊಳ್ಳುವನು. ನ್ಯಾಯಾಲಯಕ್ಕೆ ಹೋದರೆ ಇರುವ ಬೆಲೆಯೂ ಇಳಿದೀತೆಂದು ಅಂಜುವವರುಂಟು. ಅದೇ ಕಾಯಿದೆಯ 25ನೆಯ ಪ್ರಕರಣದ ಮೇರೆಗೆ ನ್ಯಾಯಾಲಯವು ಅಧಿಕಾರಿಯು ಕೊಟ್ಟುದಕ್ಕಿಂತ ಕಡಮೆ ಮಾಡುವಂತಿಲ್ಲ.

ನ್ಯಾಯಾಲಯದ ಮುಂದೆ ರೈತನ ಸ್ಥಾನವು ವಾದಿಯ ಸ್ಥಾನ. ಬೆಲೆ ಸಾಲದೆಂದು ರುಜುವಾತುಪಡಿಸುವ ಭಾರವು ಅವನ ಮೇಲೆಯೇ ಇರುವುದು. ಅಧಿಕಾರಿಯು ಐತೀರ್ಪಿನಲ್ಲಿ ಆಧಾರವಾಗಿಟ್ಟುಕೊಂಡ ಕಾಗದಗಳನ್ನು ಕೂಡ, ನ್ಯಾಯಾಲಯದಲ್ಲಿ ಹಾಜರುಪಡಿಸಿ ರುಜುವಾತು ಮಾಡದೆ ಪುರಾವೆಯೆಂದು ಎಣಿಸಲಾಗದೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿತು. ಈ ನಿಯಮವು ಎರಡು ಪಕ್ಷಗಳಿಗೂ ಸಮಾನವಾದುದು.

ಇನ್ನು ನ್ಯಾಯಾಲಯದ ಅಧಿಕಾರಗಳು. 1894ರ ಕಾಯಿದೆಯ 53ನೆಯ ಪ್ರಕರಣದಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯು ಈ ವ್ಯವಹಾರಗಳಿಗೂ ಅನ್ವಯಿಸುತ್ತದೆ. ಆದುದರಿಂದ ನ್ಯಾಯಾಲಯವು ಸಾಕ್ಷಿಗಳಿಗೆ ಸಮನ್ಸು ಕೊಟ್ಟು ಕರೆಸಬಹುದು. ಕಚೇರಿಯ ದಾಖಲೆಗಳನ್ನು ತರಿಸಬಹುದು. ಜಮೀನನ್ನು ತಾನೇ ಕಣ್ಣಾರೆ ನೋಡಬಹುದು. ಆಸ್ತಿಯ ಬೆಲೆಯನ್ನು ಸ್ಥಳದಲ್ಲಿಯೇ ವಿಚಾರಿಸಿ ವರದಿ ಮಾಡಲು ಕಮಿಷನರನ್ನು ನೇಮಿಸಬಹುದು. 2013ರ ಕಾಯಿದೆಯ 60ನೆಯ ಪ್ರಕರಣವು ಪ್ರಾಧಿಕಾರಕ್ಕೂ ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ, ಪ್ರಮಾಣಪತ್ರದ ಮೂಲಕ ಸಾಕ್ಷ್ಯವನ್ನು ಸ್ವೀಕರಿಸುವ ಅಧಿಕಾರಗಳನ್ನು ಕೊಟ್ಟಿದೆ. ಪ್ರಾಧಿಕಾರವು ಸಂಹಿತೆಯ ಕ್ರಮಕ್ಕೇ ಕಟ್ಟುಬೀಳದೆ ಸಹಜ ನ್ಯಾಯದ ತತ್ತ್ವಗಳನ್ನು ಅನುಸರಿಸಿ ನಡೆಯಬಹುದು. ಇಷ್ಟೆಲ್ಲಾ ಇದ್ದರೂ ಸಾಮಾನ್ಯವಾಗಿ ಈ ಅಧಿಕಾರಗಳು ಚಲಿಸುವುದು ಪಕ್ಷಗಾರನು ಕೇಳಿಕೊಂಡಾಗಲೇ.

ಬೆಲೆ ಕಟ್ಟುವ ಮೂರು ಮಾರ್ಗಗಳನ್ನು ಬೆಂಗಳೂರಿನದೇ ಒಂದು ಜಮೀನಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1959ರಲ್ಲಿ ತಿಳಿಸಿತು: ತಜ್ಞರ ಅಭಿಪ್ರಾಯ, ಅದೇ ಜಮೀನು ಅಥವಾ ಅಂಥದೇ ಅನುಕೂಲವುಳ್ಳ ನೆರೆಯ ಜಮೀನು ಸಮೀಪಕಾಲದಲ್ಲಿ ನ್ಯಾಯವಾಗಿ ಮಾರಾಟವಾದ ಬೆಲೆ, ಜಮೀನಿನ ವಾರ್ಷಿಕ ಲಾಭವನ್ನು ಇಂತಿಷ್ಟು ವರ್ಷಕ್ಕೆ ಗುಣಿಸಿದ ಮೊತ್ತ. ಪ್ರಾಥಮಿಕ ಅಧಿಸೂಚನೆಯ ದಿನದ ಬೆಲೆಯೇ ಪ್ರಮಾಣವಾದುದರಿಂದ, ಅದಕ್ಕೆ ಹಿಂದಿನ ಹಾಗೂ ಹತ್ತಿರದ ಕ್ರಯಪತ್ರಗಳಿಗೆ ಹೆಚ್ಚಿನ ತೂಕವುಂಟು. 1984ರಲ್ಲಿ ಸೇರಿದ 51-ಎ ಪ್ರಕರಣದಿಂದ ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನೇ ಸಾಕ್ಷ್ಯವಾಗಿ ಸ್ವೀಕರಿಸಬಹುದು. ಆದರೆ ಅದನ್ನು ಒಪ್ಪಲೇಬೇಕೆಂಬ ಕಟ್ಟಿಲ್ಲವೆಂದು 2004ರಲ್ಲಿ ಸಂವಿಧಾನ ಪೀಠವು ಸ್ಪಷ್ಟಪಡಿಸಿತು. ಆದಕಾರಣ ನಕಲನ್ನು ಕೊಟ್ಟು ಸುಮ್ಮನಿರದೆ, ಆ ಜಮೀನಿಗೂ ತನ್ನ ಜಮೀನಿಗೂ ಇರುವ ದೂರ, ದಾರಿ, ಮಣ್ಣು, ನೀರು ಇವುಗಳ ಹೋಲಿಕೆಯನ್ನು ಸಾಕ್ಷಿಯ ಬಾಯಿಂದ ಹೇಳಿಸಬೇಕು.

ಇಲ್ಲಿ ಒಂದು ತಪ್ಪೆಣಿಕೆಯನ್ನು ತಿದ್ದಬೇಕಾಗಿದೆ. ಒಂದು ಎಕರೆಯೆಂದರೆ 43,560 ಚದರಡಿ. 30 ಅಡಿಗೆ 40 ಅಡಿಯ ನಿವೇಶನವು 1,200 ಚದರಡಿ. ಭಾಗಿಸಿದರೆ 36 ನಿವೇಶನಗಳೆಂದು ತೋರುವುದು. ಆದರೆ ರಸ್ತೆ, ಚರಂಡಿ, ಉದ್ಯಾನಗಳಿಗೆ ನೆಲ ಹೋಗುವುದು. ಅವುಗಳನ್ನು ಮಾಡಿಸಲು ಹಣವೂ ಹೋಗುವುದು. ಆದುದರಿಂದ ನಿವೇಶನದ ದರದಲ್ಲಿ ನ್ಯಾಯಾಲಯವು ಒಂದು ಅಂಶವನ್ನು ಕಳೆಯುವುದುಂಟು. ಜಮೀನಿನ ಬಳಿ ಆಗಲೇ ರಸ್ತೆ, ವಿದ್ಯುತ್ತು ಇದ್ದುವೆಂದು ತೋರಿಸಿದವನು ಈ ಕಡಿತವನ್ನು ತಗ್ಗಿಸಿಕೊಳ್ಳಬಲ್ಲನು.

ತೋಟವಿದ್ದವನು ಮರಗಳ ಸಂಖ್ಯೆ, ವಯಸ್ಸು, ಇಳುವರಿ, ಖರ್ಚು, ಮಾರಿದ ರಸೀತಿ ಇವುಗಳನ್ನು ವರ್ಷವರ್ಷಕ್ಕೆ ಬರೆದಿಟ್ಟಿರಬೇಕು. ಉತ್ಪತ್ತಿಯ ಮೇಲೆ ತೋಟಕ್ಕೆ ಬೆಲೆ ಕಟ್ಟಿಸಿಕೊಂಡ ಮೇಲೆ ನೆಲಕ್ಕೆ ಬೇರೆಯಾಗಿ ಬೆಲೆ ಕೇಳಲಾಗದೆಂಬುದನ್ನೂ ಮರೆಯಬಾರದು. ಪಹಣಿಯಲ್ಲಿ ಬಾವಿಯೂ ಬೆಳೆಯೂ ಸರಿಯಾಗಿ ನಮೂದಾಗಿವೆಯೇ ಎಂದು ನೋಡಿ, ತಪ್ಪಿದ್ದರೆ ಅಧಿಸೂಚನೆ ಬರುವ ಮೊದಲೇ ತಿದ್ದಿಸಬೇಕು. ಸ್ವಾಧೀನ ಕೊಡುವ ಮುನ್ನ ಸ್ಥಳ ಮಹಜರು ಮಾಡಿಸಿ, ಭಾವಚಿತ್ರ ತೆಗೆಸಿ, ಮಹಜರಿನ ನಕಲು ಪಡೆಯಬೇಕು.

ಸಾರಕ್ಕಿಯಂಥ ಗ್ರಾಮದಲ್ಲಿ ಎರಡು ಎಕರೆ ತೋಟವೂ ಕಲ್ಲುಕಟ್ಟಡದ ಬಾವಿಯೂ ಇದ್ದ ರೈತನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪಹಣಿಯಲ್ಲಿ ಅದು ಖುಷ್ಕಿಯೆಂದೇ ಉಳಿದಿದೆ. ಯಂತ್ರವು ಬಂದು ನೆಲವನ್ನು ಸಮಮಾಡಿದೆ. ನ್ಯಾಯಾಧೀಶರು ಎಷ್ಟೇ ಕರುಣೆಯುಳ್ಳವರಾಗಿದ್ದರೂ ಆ ಮೇಲೆ ಅವರ ಕಣ್ಣಿಗೆ ಬೀಳುವುದು ಬರಿಯ ಕೆಂಪು ಮಣ್ಣು. ನ್ಯಾಯಾಲಯವು ಅಧಿಕಾರಿಯನ್ನು ಕರೆಸಬಲ್ಲುದು, ಕಡತವನ್ನು ತರಿಸಬಲ್ಲುದು. ಮುಚ್ಚಿಹೋದ ಬಾವಿಗೆ ಸಮನ್ಸು ಕೊಡಲಾರದು. ಬಾವಿ ತೆರೆದಿರುವಾಗಲೇ ಅದರ ಲೆಕ್ಕವನ್ನು ಕಾಗದದ ಮೇಲೆ ಇಳಿಸುವುದು ರೈತನ ಕೆಲಸ.